ವಿದ್ಯುತ್ ಸಂಪರ್ಕವಿಲ್ಲದ ಕಡೆ ಮೋಟರ್‌ಹೋಮ್ ನಿಲ್ಲಿಸಿದಾಗ ರಾತ್ರಿಯಿಡೀ ಬೆಚ್ಚಗಿರುವುದು ಹೇಗೆ?

ಪ್ರಶ್ನೆ

ಸ್ನೇಹಿತರೇ,

ನಾಲ್ಕು ವರ್ಷಗಳಿಂದ ನಾವು ಆರೂವರೆ ಮೀಟರ್ ಉದ್ದದ ಮೋಟರ್‌ಹೋಮ್‌ನಲ್ಲಿ ಪ್ರವಾಸ ಮಾಡುತ್ತಿದ್ದೇವೆ. ಇದುವರೆಗಿನ ಪ್ರವಾಸಗಳೆಲ್ಲ ಬೇಸಿಗೆಯವು. ಚಳಿಗಾಲದಲ್ಲಿ, ಅದೂ ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ, ರಾತ್ರಿ ಕಳೆದದ್ದು ಇದೇ ಮೊದಲು. ಆ ರಾತ್ರಿ ಆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಕಾರಣ ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ನಮ್ಮ ವಾಹನದಲ್ಲಿರುವುದು ಪ್ರೊಪೇನ್ ಗ್ಯಾಸಿನಿಂದ ಉರಿದು, ಫ್ಯಾನಿನ ಮೂಲಕ ಬಿಸಿಗಾಳಿಯನ್ನು ಕೊಳವೆಗಳಲ್ಲಿ ಹಾಯಿಸುವ ಹೀಟರ್. ಫ್ಯಾನಿಗೆ 12 ವೋಲ್ಟ್ ವಿದ್ಯುತ್ ಬೇಕು. ವಾಸದ ಭಾಗಕ್ಕೆಂದೇ 100 ಆಂಪಿಯರ್-ಗಂಟೆ ಸಾಮರ್ಥ್ಯದ, ಐದು ವರ್ಷ ಹಳೆಯ ಒಂದು ಲೆಡ್-ಆಸಿಡ್ ಬ್ಯಾಟರಿಯಿದೆ. ರಾತ್ರಿ ಒಂಬತ್ತಕ್ಕೆ ಥರ್ಮೋಸ್ಟಾಟನ್ನು 20 ಡಿಗ್ರಿಗೆ ಇಟ್ಟು, ಬಿಸಿಗಾಳಿ ಹಾಸಿಗೆಯ ಕಡೆಗೇ ಬರಲಿ ಎಂದು ಮುಂಭಾಗದ ಎರಡು ಗಾಳಿಕಂಡಿಗಳನ್ನು ಮುಚ್ಚಿ ಮಲಗಿದೆವು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮಗಳು ನಡುಗುತ್ತ ಎಬ್ಬಿಸಿದಳು. ಒಳಗೆ 6 ಡಿಗ್ರಿ, ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ಹೀಟರಿನ ಫ್ಯಾನು ತಿರುಗುತ್ತಲೇ ಇತ್ತು, ಆದರೆ ಬರುತ್ತಿದ್ದದ್ದು ತಣ್ಣನೆಯ ಗಾಳಿ. ಬರ್ನರ್ ಹೊತ್ತಿಕೊಳ್ಳುವ ಸದ್ದೇ ಇರಲಿಲ್ಲ. ಗ್ಯಾಸ್ ಮುಗಿದಿರಬೇಕೆಂದು ಅಡುಗೆಯ ಒಲೆ ಹಚ್ಚಿ ನೋಡಿದರೆ ಉರಿ ಚೆನ್ನಾಗಿಯೇ ಬಂತು. 11 ಕೆ.ಜಿ. ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗ್ಯಾಸ್ ಉಳಿದಿತ್ತು. ಬೆಳಕು ಹರಿಯುವವರೆಗೆ ಮೂವರೂ ಒಂದೇ ರಗ್ಗಿನಡಿ ಮುದುಡಿ ಕುಳಿತೆವು.

ಮುಂದಿನ ತಿಂಗಳು ಮತ್ತೆ ಅಂಥದೇ ಜಾಗಕ್ಕೆ ನಾಲ್ಕು ರಾತ್ರಿಗಳ ಮಟ್ಟಿಗೆ ಹೋಗುವವರಿದ್ದೇವೆ. ಅಷ್ಟರೊಳಗೆ ಏನು ಮಾಡಬೇಕು? ಹೀಟರನ್ನೇ ಬದಲಾಯಿಸಬೇಕೇ? ಇನ್ವರ್ಟರ್ ಮೂಲಕ ಚಿಕ್ಕದೊಂದು ವಿದ್ಯುತ್ ಹೀಟರ್ ನಡೆಸಬಹುದೇ? ಬ್ಯಾಟರಿಯೇ ಬೇಡದ, ಸಿಲಿಂಡರಿಗೆ ನೇರವಾಗಿ ಜೋಡಿಸುವ ಪುಟ್ಟ ಗ್ಯಾಸ್ ಹೀಟರುಗಳೂ ಸಿಗುತ್ತವಂತೆ, ಅವು ಹೇಗೆ? ಒಲೆಯನ್ನೇ ಸಣ್ಣ ಉರಿಯಲ್ಲಿಟ್ಟು ಮಲಗುವವರೂ ಇದ್ದಾರೆಂದು ಕೇಳಿದ್ದೇನೆ. ನನಗೆ ಅದಕ್ಕೆ ಧೈರ್ಯ ಬರುತ್ತಿಲ್ಲ.

ಮೊದಲ ಉತ್ತರ

ನಿಮ್ಮ ವಿವರಣೆಯನ್ನು ಓದಿದರೆ ಹೀಟರ್ ಕೆಟ್ಟಂತೆ ಕಾಣುವುದಿಲ್ಲ. ಮುಗಿದದ್ದು ಬ್ಯಾಟರಿ. ಫ್ಯಾನು ತಿರುಗುತ್ತಿತ್ತಲ್ಲ, ಹಾಗಿದ್ದ ಮೇಲೆ ಬ್ಯಾಟರಿ ಹೇಗೆ ಮುಗಿದಿರುತ್ತದೆ ಎಂದು ನೀವು ಕೇಳಬಹುದು. ಇಂಥ ಹೀಟರುಗಳಲ್ಲಿ ಫ್ಯಾನಿನ ಗಾಳಿಯ ದಾರಿಯಲ್ಲಿ ಒಂದು ಪುಟ್ಟ ತಗಡಿನ ರೆಕ್ಕೆ ಇರುತ್ತದೆ. ಅದನ್ನು ಸೇಲ್ ಸ್ವಿಚ್ ಎನ್ನುತ್ತಾರೆ. ಗಾಳಿ ಸಾಕಷ್ಟು ರಭಸದಿಂದ ಬೀಸಿ ಆ ರೆಕ್ಕೆಯನ್ನು ತಳ್ಳಿದರೆ ಮಾತ್ರ ಸ್ವಿಚ್ ಮುಚ್ಚಿಕೊಂಡು, ಗ್ಯಾಸಿನ ಕವಾಟ ತೆರೆದು, ಬರ್ನರ್ ಹೊತ್ತಿಕೊಳ್ಳುತ್ತದೆ. ಗಾಳಿಯಿಲ್ಲದೆ ಉರಿ ಹೊತ್ತಿದರೆ ಹೀಟರ್ ಸುಟ್ಟುಹೋಗುತ್ತದೆಯಾದ್ದರಿಂದ ತಯಾರಕರು ಈ ಕಾವಲು ಇಟ್ಟಿರುತ್ತಾರೆ. ಬ್ಯಾಟರಿಯ ವೋಲ್ಟೇಜ್ ಹತ್ತೂವರೆಯ ಆಸುಪಾಸಿಗೆ ಇಳಿದಾಗ ಫ್ಯಾನು ತಿರುಗುತ್ತದೆ, ಆದರೆ ರೆಕ್ಕೆಯನ್ನು ತಳ್ಳುವಷ್ಟು ಬಲ ಅದಕ್ಕಿರುವುದಿಲ್ಲ. ಆಗ ನೀವು ಕಂಡದ್ದೇ ಆಗುತ್ತದೆ: ತಣ್ಣನೆಯ ಗಾಳಿ ಊದುತ್ತ, ಉಳಿದಿರುವ ಅಷ್ಟಿಷ್ಟು ವಿದ್ಯುತ್ತನ್ನೂ ಫ್ಯಾನು ಕುಡಿದು ಮುಗಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಇಂಥ ಹೀಟರಿನ ಫ್ಯಾನು ಸಾಮಾನ್ಯವಾಗಿ 7 ಆಂಪಿಯರ್‌ನಷ್ಟು ಎಳೆಯುತ್ತದೆ, ದೊಡ್ಡವು ಇನ್ನೂ ಹೆಚ್ಚು. ಒಂಬತ್ತರಿಂದ ನಾಲ್ಕರವರೆಗಿನ ಏಳು ಗಂಟೆಗಳಲ್ಲಿ ಶೇಕಡಾ 60ರಷ್ಟು ಹೊತ್ತು ಅದು ಓಡಿತೆಂದುಕೊಂಡರೆ, ಫ್ಯಾನಿಗೇ ಸುಮಾರು 30 ಆಂಪಿಯರ್-ಗಂಟೆ ಖರ್ಚು. ದೀಪ, ನೀರಿನ ಪಂಪು, ಫೋನುಗಳ ಚಾರ್ಜಿಂಗ್ ಎಲ್ಲ ಸೇರಿ ಇನ್ನೊಂದು ಹತ್ತು. ಈಗ ಎದುರು ಪಕ್ಕವನ್ನು ನೋಡಿ. ಲೆಡ್-ಆಸಿಡ್ ಬ್ಯಾಟರಿ ಬಾಳಬೇಕಾದರೆ ಅದರ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಬಾರದು, ಅಂದರೆ 50. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಅದರ ಸಾಮರ್ಥ್ಯವೇ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ, ಆಗ ಉಳಿಯುವುದು 40. ಅದು ಐದು ವರ್ಷ ಹಳೆಯದು ಬೇರೆ. ಗ್ಯಾಸಿನ ಕಡೆ ಮಾತ್ರ ಸ್ಥಿತಿ ತದ್ವಿರುದ್ಧ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 13 ಯೂನಿಟ್‌ನಷ್ಟು ಶಾಖ ಸಿಗುತ್ತದೆ. 6 ಕಿಲೋವ್ಯಾಟ್ ಹೀಟರಿಗೆ ನಿಮ್ಮಂಥ ಒಂದು ರಾತ್ರಿಗೆ ಎರಡು ಕೆ.ಜಿ. ಸಾಕು. ಸಿಲಿಂಡರ್ ಐದು ರಾತ್ರಿ ಬರುತ್ತದೆ, ಬ್ಯಾಟರಿ ಒಂದು ರಾತ್ರಿಯನ್ನೂ ದಾಟಿಸುವುದಿಲ್ಲ. ಚಳಿಗಾಲಕ್ಕೆ ಹೊರಡುವವರು ಸಿಲಿಂಡರ್ ತುಂಬಿಸಿಕೊಂಡು ನಿಶ್ಚಿಂತರಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದರೂ ಬ್ಯಾಟರಿ ಕೊಳ್ಳುವ ಮೊದಲು ಪರೀಕ್ಷಿಸಿ. ಮನೆಯ ಬಳಿಯೇ ಒಂದು ರಾತ್ರಿ ಹೀಟರ್ ನಡೆಸಿ, ನಸುಕಿನಲ್ಲಿ ಫ್ಯಾನು ತಿರುಗುತ್ತಿರುವಾಗಲೇ ಮಲ್ಟಿಮೀಟರಿನಿಂದ ಎರಡು ಕಡೆ ಅಳೆಯಿರಿ: ಒಮ್ಮೆ ಬ್ಯಾಟರಿಯ ತುದಿಗಳಲ್ಲಿ, ಇನ್ನೊಮ್ಮೆ ಹೀಟರಿಗೆ ತಂತಿ ಸೇರುವ ಜಾಗದಲ್ಲಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ತಂತಿಯಲ್ಲೋ, ಕಿಲುಬು ಹಿಡಿದ ಜೋಡಣೆಯಲ್ಲೋ ಇದೆ. ಸೇಲ್ ಸ್ವಿಚ್ಚಿನ ರೆಕ್ಕೆಗೆ ಧೂಳು, ಕೂದಲು ಸುತ್ತಿಕೊಂಡಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಮತ್ತೆ, ಗಾಳಿಕಂಡಿಗಳನ್ನು ಮುಚ್ಚಬೇಡಿ. ಬಿಸಿಗಾಳಿಗೆ ಹೊರಹೋಗಲು ದಾರಿ ಸಾಲದಿದ್ದರೆ ಹೀಟರಿನ ಒಳಗೆ ಬಿಸಿ ಮಿತಿಮೀರಿ, ರಕ್ಷಣೆಗೆಂದು ಇಟ್ಟಿರುವ ಮತ್ತೊಂದು ಸ್ವಿಚ್ ಬರ್ನರನ್ನು ಆರಿಸಿ ಫ್ಯಾನನ್ನು ಮಾತ್ರ ಓಡಿಸುತ್ತದೆ.

ಇನ್ವರ್ಟರಿನ ವಿಚಾರಕ್ಕೆ ಬಂದರೆ, 1500 ವ್ಯಾಟಿನ ವಿದ್ಯುತ್ ಹೀಟರ್ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್ ಎಳೆಯುತ್ತದೆ. ಇನ್ವರ್ಟರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ 140ರ ಹತ್ತಿರ. ನಿಮ್ಮ ಬ್ಯಾಟರಿ ಅದನ್ನು ಅರ್ಧ ಗಂಟೆಯೂ ತಾಳಲಾರದು. ಆ ಯೋಚನೆಯನ್ನು ಕೈಬಿಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ನಾನು ಇದೇ ಕಾರಣಕ್ಕೆ ಡೀಸೆಲ್ ಹೀಟರಿಗೆ ಬದಲಾದವನು. ಮೂರು ಚಳಿಗಾಲಗಳ ಅನುಭವದಿಂದ ಕೆಲವು ಮಾತು ಬರೆಯುತ್ತೇನೆ.

ಎರಡು ಕಿಲೋವ್ಯಾಟಿನ ಡೀಸೆಲ್ ಹೀಟರ್ ವಾಹನದ ಟ್ಯಾಂಕಿನಿಂದಲೇ ಇಂಧನ ತೆಗೆದುಕೊಂಡು, ಸಣ್ಣ ಉರಿಯಲ್ಲಿ ಗಂಟೆಗೆ ಸುಮಾರು 100 ಮಿಲಿಲೀಟರ್, ಪೂರ್ಣ ಉರಿಯಲ್ಲಿ ಕಾಲು ಲೀಟರಿನಷ್ಟು ಬಳಸುತ್ತದೆ. ಹೊತ್ತಿಕೊಳ್ಳುವಾಗ ಅದರ ಗ್ಲೋ ಪ್ಲಗ್ ಎರಡು ಮೂರು ನಿಮಿಷ 10 ಆಂಪಿಯರ್‌ನಷ್ಟು ಎಳೆಯುತ್ತದೆ; ಆಮೇಲೆ ಒಂದೋ ಎರಡೋ ಆಂಪಿಯರ್ ಸಾಕು. ನಿಮ್ಮ ಫ್ಯಾನು 30 ಆಂಪಿಯರ್-ಗಂಟೆ ತಿನ್ನುವ ರಾತ್ರಿಯಲ್ಲಿ ಇದು 10ರಿಂದ 15ರಲ್ಲಿ ಮುಗಿಸುತ್ತದೆ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನು ಹೊರಗೇ ಬಿಡುವುದರಿಂದ ಒಳಗಿನ ಗಾಳಿ ಒಣಗಿರುತ್ತದೆ.

ತೊಂದರೆಗಳೂ ಇವೆ. ಮೊದಲನೆಯದು ಮಸಿ. ದಿನಗಟ್ಟಲೆ ಸಣ್ಣ ಉರಿಯಲ್ಲೇ ನಡೆಸಿದರೆ ಒಳಗೆ ಮಸಿ ಕಟ್ಟಿ, ಒಂದು ರಾತ್ರಿ ಹೊತ್ತಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ದಿನಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ಪೂರ್ಣ ಉರಿಯಲ್ಲಿ ಓಡಿಸಬೇಕು. ಸಮುದ್ರಮಟ್ಟದಿಂದ 1500 ಮೀಟರಿಗಿಂತ ಮೇಲೆ ಗಾಳಿ ತೆಳುವಾಗುವುದರಿಂದ ಮಸಿ ಇನ್ನೂ ಬೇಗ ಕಟ್ಟುತ್ತದೆ. ಎತ್ತರಕ್ಕೆ ತಕ್ಕಂತೆ ಇಂಧನವನ್ನು ಕಡಿಮೆ ಮಾಡಿಕೊಳ್ಳುವ ಹೀಟರನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ತುಂಬಿಸಿದ ಡೀಸೆಲ್ ಕಡುಚಳಿಯಲ್ಲಿ ಗಟ್ಟಿಯಾಗುತ್ತದೆಯಾದ್ದರಿಂದ ಚಳಿಗಾಲದ ಡೀಸೆಲ್ ತುಂಬಿಸಿಕೊಂಡು ಹೊರಡಬೇಕು. ಇನ್ನೊಂದು ಮಾತು: ಆರಿಸಿದ ಮೇಲೂ ಅದರ ಫ್ಯಾನು ಕೆಲವು ನಿಮಿಷ ತಿರುಗಿ ಒಳಭಾಗವನ್ನು ತಣಿಸುತ್ತದೆ, ಆಗ ಮುಖ್ಯ ಸ್ವಿಚ್ ತೆಗೆದುಬಿಟ್ಟರೆ ಹೀಟರ್ ಹಾಳಾಗುತ್ತದೆ. ಮೊದಲ ವರ್ಷ ಅವಸರದಲ್ಲಿ ನಾನು ಈ ತಪ್ಪು ಮಾಡಿ ಇಡೀ ಹೀಟರನ್ನು ಬಿಚ್ಚಿಸಬೇಕಾಯಿತು.

ಇಷ್ಟಾದರೂ ಹೊಸ ಹೀಟರ್ ಹಾಕಿಸುವ ಮೊದಲು ಶಾಖ ಎಲ್ಲಿಂದ ಸೋರುತ್ತಿದೆ ಎಂದು ನೋಡುವುದು ಮುಖ್ಯ. ಅದನ್ನು ಬಿಟ್ಟು ಹೀಟರನ್ನಷ್ಟೇ ದೊಡ್ಡದು ಮಾಡುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಮೋಟರ್‌ಹೋಮಿನ ದೊಡ್ಡ ಸೋರಿಕೆ ಚಾಲಕನ ಭಾಗದ್ದು. ಅಲ್ಲಿ ಮುಂಗಾಜು, ಪಕ್ಕದ ಕಿಟಕಿಗಳು ಎಲ್ಲವೂ ಒಂಟಿ ಗಾಜು, ಸುತ್ತಲೂ ಬರಿಯ ತಗಡು. ಮುಂಗಾಜಿಗೆ ಹೊರಗಿನಿಂದ ಹೊದಿಸುವ ದಪ್ಪ ಹೊದಿಕೆ, ಒಳಗಿನಿಂದ ಅಂಟಿಸುವುದಕ್ಕಿಂತ ಮೇಲು. ಗಾಜೇ ಬೆಚ್ಚಗಿರುವುದರಿಂದ ಅದರ ಮೇಲೆ ನೀರು ಹನಿಗಟ್ಟುವುದಿಲ್ಲ. ಚಾಲಕನ ಆಸನಗಳ ಹಿಂದೆ ಚಾವಣಿಯಿಂದ ನೆಲದವರೆಗೆ ದಪ್ಪ ಪರದೆಯನ್ನು ಇಳಿಬಿಟ್ಟರೆ ಬಿಸಿಮಾಡಬೇಕಾದ ಜಾಗವೇ ಕಡಿಮೆಯಾಗುತ್ತದೆ. ಪರದೆ ನೆಲಕ್ಕೆ ತಾಗಬೇಕು. ಒಂದು ಗೇಣು ಬಿಟ್ಟರೂ ತಣ್ಣನೆಯ ಗಾಳಿ ಅಲ್ಲಿಂದಲೇ ಹರಿದು ಬರುತ್ತದೆ.

ಮತ್ತೆ, ರಾತ್ರಿಯಿಡೀ 20 ಡಿಗ್ರಿ ಯಾಕೆ ಬೇಕು? ಮಲಗುವ ಮೊದಲು ಹಾಗೆ ಬೆಚ್ಚಗೆ ಮಾಡಿಕೊಂಡು, ಹಾಸಿಗೆ ಸೇರಿದ ಮೇಲೆ 12ಕ್ಕೆ ಇಳಿಸಿ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿದ್ದಾಗ ಒಳಗೆ 20 ಇದ್ದರೆ ಅಂತರ 24, 12 ಇದ್ದರೆ ಅಂತರ 16. ಸೋರುವ ಶಾಖ ಆ ಅಂತರದ ಪ್ರಮಾಣದಲ್ಲಿರುವುದರಿಂದ ಗ್ಯಾಸೂ ಫ್ಯಾನಿನ ಓಟವೂ ಮೂರನೆಯ ಒಂದು ಪಾಲು ಇಳಿಯುತ್ತವೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ಕಾಲ ಬಳಿ ಬಟ್ಟೆ ಸುತ್ತಿದ ಬಿಸಿನೀರಿನ ರಬ್ಬರ್ ಚೀಲ ಇದ್ದರೆ 12 ಡಿಗ್ರಿಯಲ್ಲಿ ಮಕ್ಕಳೂ ಸುಖವಾಗಿ ಮಲಗುತ್ತಾರೆ. ಮೈಕೆಳಗಿನ ಹಾಸಿಗೆಯನ್ನು ಮರೆಯಬೇಡಿ: ನಮ್ಮ ಭಾರಕ್ಕೆ ಅದು ಒತ್ತಿಹೋಗಿ ಕೆಳಗಿನ ಹಲಗೆಯ ಚಳಿ ನೇರವಾಗಿ ಬೆನ್ನಿಗೆ ಬಡಿಯುತ್ತದೆ, ಅದರಡಿ ಇನ್ನೊಂದು ಪದರ ಹಾಸಬೇಕು. ಆದರೆ 5 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಗೋಡೆಯ ಪಕ್ಕದಲ್ಲಿ, ಕಪಾಟುಗಳ ಹಿಂದೆ ಹಾದುಹೋಗುವ ನೀರಿನ ಕೊಳವೆಗಳು ಮೊದಲು ಹೆಪ್ಪುಗಟ್ಟುತ್ತವೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನು ರಾತ್ರಿ ತೆರೆದಿಡಿ.

ಮೂರನೆಯ ಉತ್ತರ

ಪ್ರಶ್ನೆಯ ಕೊನೆಯ ಭಾಗಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ನಾಲ್ಕು ರಾತ್ರಿಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಅದೊಂದೇ ಆದ್ದರಿಂದ ಬರೆಯುತ್ತಿದ್ದೇನೆ.

ಒಲೆಯನ್ನು ಉರಿಯಲು ಬಿಟ್ಟು ಮಲಗಬೇಡಿ. ಸಿಲಿಂಡರಿಗೆ ನೇರವಾಗಿ ಜೋಡಿಸುವ, ಹೊಗೆಕೊಳವೆಯಿಲ್ಲದ ಪುಟ್ಟ ಹೀಟರನ್ನೂ ಹಾಗೆಯೇ. ನಿಮ್ಮಲ್ಲಿ ಈಗಿರುವ ಹೀಟರಿನಲ್ಲಿ ಉರಿ ಒಂದು ಮುಚ್ಚಿದ ಪೆಟ್ಟಿಗೆಯೊಳಗಿದೆ. ಅದು ಉಸಿರಾಡುವುದು ಹೊರಗಿನ ಗಾಳಿಯನ್ನು, ಬಿಡುವುದೂ ಹೊರಗೆ. ಹೊಗೆಕೊಳವೆಯಿಲ್ಲದ ಹೀಟರಾದರೋ ನೀವೂ ನಿಮ್ಮ ಮಗಳೂ ಉಸಿರಾಡುವ ಗಾಳಿಯನ್ನೇ ಉಸಿರಾಡುತ್ತದೆ. ಆಮ್ಲಜನಕ ಕಡಿಮೆಯಾದಂತೆ ಉರಿ ಪೂರ್ತಿಯಾಗಿ ಉರಿಯದೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುವುದರಿಂದ, ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಗಂಟೆಗಳು ಕಳೆದಂತೆ ರಕ್ತದಲ್ಲಿ ಸೇರುತ್ತ ಹೋಗುತ್ತದೆ. ಎಚ್ಚರವಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಸೂಚನೆ ಕೊಡುತ್ತವೆ. ನಿದ್ದೆಯಲ್ಲಿರುವವರಿಗೆ ಅದೂ ಇಲ್ಲ.

ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸಂವೇದಕ ಈ ಹೀಟರುಗಳಲ್ಲಿ ಇರುತ್ತದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಇರುತ್ತದೆ, ಒಳ್ಳೆಯದೇ. ಆದರೆ ಅದು ಅಳೆಯುವುದು ಆಮ್ಲಜನಕವನ್ನು, ಕಾರ್ಬನ್ ಮೋನಾಕ್ಸೈಡನ್ನಲ್ಲ. ಎಚ್ಚರವಿರುವಾಗ, ಕಿಟಕಿಯನ್ನೂ ಚಾವಣಿಯ ಕಂಡಿಯನ್ನೂ ಸ್ವಲ್ಪ ತೆರೆದಿಟ್ಟು, ಅರ್ಧ ಗಂಟೆ ಬೆಚ್ಚಗೆ ಮಾಡಿಕೊಳ್ಳಲು ಅಂಥ ಹೀಟರ್ ಉಪಯುಕ್ತ. ಮಲಗುವ ಮೊದಲು ಅದು ಆರಿರಬೇಕು, ಸಿಲಿಂಡರಿನ ಕವಾಟ ಮುಚ್ಚಿರಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ತೇವದ ಮಾತೂ ಇದೆ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಹೊಗೆಕೊಳವೆಯಿಲ್ಲದ ಹೀಟರಿನಲ್ಲಿ ಅದೆಲ್ಲ ಒಳಗೇ ಉಳಿದು, ಕಿಟಕಿಗಳಲ್ಲಿ ಇಳಿದು, ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಸುತ್ತದೆ. ನಮ್ಮ ಉಸಿರಿನ ತೇವವೂ ಇದಕ್ಕೆ ಸೇರುವುದರಿಂದ ಎಷ್ಟೇ ಚಳಿಯಿದ್ದರೂ ಚಾವಣಿಯ ಕಂಡಿಯನ್ನು ಒಂದು ಬೆರಳಿನಷ್ಟು ತೆರೆದಿಡಿ. ತಯಾರಕರು ಬಿಟ್ಟಿರುವ ಶಾಶ್ವತ ಗಾಳಿಕಿಂಡಿಗಳಿಗೆ ಚಳಿಯೆಂದು ಬಟ್ಟೆ ತುರುಕುವವರಿದ್ದಾರೆ. ಅದು ತೀರ ಅಪಾಯದ ಕೆಲಸ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ರಾತ್ರಿ ನಮ್ಮ ಕಾರ್ಬನ್ ಮೋನಾಕ್ಸೈಡ್ ಅಲಾರಂ ಕಿರುಚಿಕೊಂಡಿತು. ನಮ್ಮ ಹೀಟರ್ ಆಗ ಆರಿತ್ತು, ಒಲೆಯೂ ಆರಿತ್ತು. ಅಲಾರಮ್ಮೇ ಕೆಟ್ಟಿದೆಯೆಂದು ಬ್ಯಾಟರಿ ಕಿತ್ತು ಮಲಗಲು ಮನಸ್ಸಾಗಿತ್ತು. ಆದರೂ ಹೊರಗೆ ಬಂದು ನೋಡಿದರೆ, ತಡವಾಗಿ ಬಂದು ಪಕ್ಕದಲ್ಲಿ ನಿಂತಿದ್ದ ವಾಹನದವರು ಬ್ಯಾಟರಿ ಚಾರ್ಜ್ ಮಾಡಲು ಜನರೇಟರ್ ಹಚ್ಚಿಟ್ಟಿದ್ದರು, ಅದರ ಹೊಗೆ ನೇರವಾಗಿ ನಮ್ಮ ನೆಲದ ಗಾಳಿಕಿಂಡಿಗೆ ಬರುತ್ತಿತ್ತು. ಅವರೂ ಒಳಗೆ ಮಲಗಿದ್ದರು. ಎಬ್ಬಿಸಿದಾಗ ಅವರಿಗೂ ತಲೆ ಸಿಡಿಯುತ್ತಿತ್ತು. ಅಂದಿನಿಂದ ಅಲಾರಂ ಕೂಗಿದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ ಯೋಚನೆ ಎಂಬುದು ನಮ್ಮ ಮನೆಯ ನಿಯಮ. ಹಿಮ ಬೀಳುವ ಜಾಗವಾದರೆ ಮಲಗುವ ಮೊದಲು ಹೀಟರಿನ ಹೊಗೆಬಾಯಿಯನ್ನು ಹಿಮ ಮುಚ್ಚಿಲ್ಲವೆಂದು ಟಾರ್ಚ್ ಹಿಡಿದು ನೋಡಿ ಬನ್ನಿ. ರಾತ್ರಿಯಿಡೀ ವಾಹನದ ಎಂಜಿನ್ ಓಡಿಸಿ ಬೆಚ್ಚಗಿರುವ ಉಪಾಯವನ್ನೂ ಇದೇ ಕಾರಣಕ್ಕೆ ಬಿಡಿ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದಂತೆಯೇ ಎರಡು ರಾತ್ರಿ ಪರೀಕ್ಷಿಸಿದೆ.

ಮೊದಲ ರಾತ್ರಿ ಹಿಂದಿನಂತೆಯೇ 20 ಡಿಗ್ರಿಗೆ ಇಟ್ಟು, ಗಾಳಿಕಂಡಿಗಳನ್ನು ಮಾತ್ರ ತೆರೆದಿಟ್ಟೆ. ಐದು ಗಂಟೆಗೆ ಮತ್ತೆ ತಣ್ಣನೆಯ ಗಾಳಿ ಬರತೊಡಗಿತು. ಫ್ಯಾನು ತಿರುಗುವಾಗ ಬ್ಯಾಟರಿಯಲ್ಲಿ 11 ವೋಲ್ಟ್ ಇತ್ತು, ಹೀಟರಿನ ಬಳಿ 10.3. ಅಂದರೆ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತಿತ್ತು. ಬೆಳಿಗ್ಗೆ ಹುಡುಕಿದಾಗ ನೆಲದಡಿಯ ಭೂಸಂಪರ್ಕದ ಜೋಡಣೆ ಹಸಿರು ಕಿಲುಬು ಹಿಡಿದು ಸಡಿಲವಾಗಿತ್ತು. ಅದನ್ನು ಉಜ್ಜಿ ಬಿಗಿ ಮಾಡಿದ ಮೇಲೆ ಅಂತರ 0.2ಕ್ಕೆ ಇಳಿಯಿತು. ಎರಡನೆಯ ರಾತ್ರಿ ಪರದೆ ಕಟ್ಟಿ, ಮುಂಗಾಜಿಗೆ ಹೊರಗಿನಿಂದ ಹಳೆಯ ಕಂಬಳಿಗಳನ್ನು ಹೊದಿಸಿ, ಹತ್ತಕ್ಕೆ ಮಲಗುವಾಗ 12 ಡಿಗ್ರಿಗೆ ಇಳಿಸಿದೆ. ಬೆಳಿಗ್ಗೆ ಏಳಕ್ಕೂ ಬರ್ನರ್ ತಪ್ಪದೆ ಹೊತ್ತಿಕೊಳ್ಳುತ್ತಿತ್ತು. ಹೀಟರ್ ಆರಿಸಿ ಒಂದು ಗಂಟೆ ಬಿಟ್ಟು ಅಳೆದಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ಹೊರಗಿನ ಚಳಿ ಎರಡೂ ರಾತ್ರಿ ಹೆಚ್ಚುಕಡಿಮೆ ಒಂದೇ.

ಉಳಿದದ್ದು ಎರಡು ಸಂಶಯ. ನಾಲ್ಕು ರಾತ್ರಿ ನಿಲ್ಲಬೇಕಾದರೆ ಹಗಲು ಬ್ಯಾಟರಿ ತುಂಬಿಸುವುದು ಹೇಗೆ? ಚಾವಣಿಯ ಮೇಲೆ 100 ವ್ಯಾಟಿನ ಸೌರ ಫಲಕವಿದೆ. ಲಿಥಿಯಂ ಬ್ಯಾಟರಿಗೆ ಬದಲಾಗುವುದು ಒಳ್ಳೆಯದೇ? ಮತ್ತು ಅಲಾರಂ ಎಲ್ಲಿ ಅಳವಡಿಸಬೇಕು?

ಮೊದಲ ಉತ್ತರ ಬರೆದವರು

ನಿಮ್ಮ ಅಳತೆಗಳನ್ನು ನೋಡಿ ಸಂತೋಷವಾಯಿತು. ಲೆಡ್-ಆಸಿಡ್ ಬ್ಯಾಟರಿಯಲ್ಲಿ 12.1 ಎಂದರೆ ಅರ್ಧಕ್ಕಿಂತ ತುಸು ಕೆಳಗೆ. ಒಂದು ರಾತ್ರಿಗೆ ಸರಿ, ತುಂಬಿಸದೆ ಎರಡನೆಯ ರಾತ್ರಿಗೆ ಸಾಲದು. ಚಳಿಗಾಲದ ಸೂರ್ಯ ಕೆಳಗಿರುತ್ತಾನೆ, ಹಗಲೂ ಚಿಕ್ಕದು. ಚಾವಣಿಗೆ ಅಂಟಿ ಮಲಗಿರುವ 100 ವ್ಯಾಟಿನ ಫಲಕವನ್ನು ನಂಬಿ ಹೊರಡಬೇಡಿ, ಅದರ ಮೇಲೆ ಹಿಮ ಕೂತರಂತೂ ಏನೂ ಸಿಗದು. ದಿನಕ್ಕೊಂದಷ್ಟು ಹೊತ್ತು ವಾಹನ ಓಡಿಸುವ ಯೋಜನೆಯಿದ್ದರೆ, ಎಂಜಿನ್ನಿನಿಂದ ವಾಸದ ಬ್ಯಾಟರಿಗೆ 30 ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಎರಡು ಗಂಟೆಯ ಓಟದಲ್ಲಿ ರಾತ್ರಿಯ ಖರ್ಚಿನ ಬಹುಪಾಲು ವಾಪಸು ಬರುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 100ರಲ್ಲಿ 80ಕ್ಕಿಂತ ಹೆಚ್ಚನ್ನು ಧೈರ್ಯವಾಗಿ ಬಳಸಬಹುದು, ವೋಲ್ಟೇಜೂ ಕೊನೆಯವರೆಗೆ ಹೆಚ್ಚು ಇಳಿಯುವುದಿಲ್ಲ. ನಿಮ್ಮ ಸೇಲ್ ಸ್ವಿಚ್ಚಿಗೆ ಅದೇ ಬೇಕಾದದ್ದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಶಾಶ್ವತವಾಗಿ ಹಾಳಾಗುತ್ತದೆ. ಆದ್ದರಿಂದ ಹೊರಗಿನ ಪೆಟ್ಟಿಗೆಯಲ್ಲಿಡದೆ ಬೆಚ್ಚಗಿರುವ ವಾಸದ ಭಾಗದೊಳಗೆ, ಆಸನದ ಕೆಳಗೆ ಇರಿಸಬೇಕು. ಇನ್ನೊಂದು ವಿಷಯ: ಸಿಲಿಂಡರ್ ಬದಲಾಯಿಸುವಾಗ ಬ್ಯೂಟೇನ್ ಕೊಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಬ್ಯೂಟೇನ್ ಸೊನ್ನೆಯ ಹತ್ತಿರವೇ ದ್ರವವಾಗಿ ಉಳಿದುಬಿಡುತ್ತದೆ.

ಮೂರನೆಯ ಉತ್ತರ ಬರೆದವರು

ಕಾರ್ಬನ್ ಮೋನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದಾಗಿದ್ದು ಎಲ್ಲ ಕಡೆ ಬೆರೆಯುವುದರಿಂದ, ಅದರ ಅಲಾರಮ್ಮನ್ನು ಮಲಗಿದವರ ತಲೆಯ ಎತ್ತರದಲ್ಲಿ, ಹಾಸಿಗೆಯ ಹತ್ತಿರ, ಆದರೆ ಮೂಲೆಗೂ ಪರದೆಯ ಹಿಂದಕ್ಕೂ ಸಿಕ್ಕಿಕೊಳ್ಳದಂತೆ ಹಾಕಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ ಇರಬೇಕು. ಇವೆರಡೂ ಬೇರೆ ಬೇರೆ ಉಪಕರಣಗಳು. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ. ಕೊಂಡ ಮೇಲೆ ಹಿಂಬದಿಯಲ್ಲಿ ಮುದ್ರಿಸಿರುವ ಅವಧಿಯನ್ನು ನೋಡಿ ಬರೆದಿಟ್ಟುಕೊಳ್ಳಿ. ಒಳಗಿನ ಸಂವೇದಕ ವರ್ಷಗಳು ಕಳೆದಂತೆ ಸವೆಯುತ್ತದೆ, ಗುಂಡಿ ಒತ್ತಿದಾಗ ಸದ್ದು ಬಂದರೂ ಅದು ಪರೀಕ್ಷಿಸುವುದು ಹೆಚ್ಚಿನವುಗಳಲ್ಲಿ ಸದ್ದು ಮಾಡುವ ಭಾಗವನ್ನು ಮಾತ್ರ. ನಿಮ್ಮ ವಾಹನದಲ್ಲಿ ಈಗಾಗಲೇ ಒಂದು ಇದ್ದರೆ ಹೊರಡುವ ಮೊದಲು ಅದರ ದಿನಾಂಕವನ್ನು ಓದಿ.